ಮುತ್ತು ಬಿಚ್ಚಿದ ಮರುದಿನ: ನಂಬಿಕೆ ಬಿಟ್ಟ ಮೇಲೆ ಬದುಕಿಗೆ ಅರ್ಥ ಎಲ್ಲಿಂದ?

ಗೋಕಾಕದಿಂದ ಬೆಳಗಾವಿ ಬಸ್ಸು ಹತ್ತಿ ಕಿಟಕಿ ಸೀಟು ಹಿಡಿದವರಿಗೆ, ಮೂಡಲಗಿಯಲ್ಲಿ ಅಂಗಡಿ ತೆಗೆದು ಮೊದಲ ಗಿರಾಕಿ ದಾರಿ ನೋಡ್ತಾ ಕೂತವರಿಗೆ, ಹುಕ್ಕೇರಿ ಕಡೆ ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಮೊಬೈಲ್ ಹಿಡಿದವರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಮಾತು ಸ್ವಲ್ಪ ಸೂಕ್ಷ್ಮ ಐತಿ. ಮನೆಯವರ ಜೊತೆ ಸ್ಪೀಕರ್ ಹಾಕಿ ಕೇಳ್ತಿದ್ರೆ ಕೇಳ್ರಿ, ತಪ್ಪಿಲ್ಲ. ಆದರೆ ಪೂರ್ತಿ ಕೇಳ್ರಿ, ಅರ್ಧಕ್ಕೆ ಬಿಟ್ಟು ಜಗಳ ತೆಗೀಬ್ಯಾಡ್ರಿ.

ನಮಗೆ ಬರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತದ. ಮನೆದೇವರ ಮೇಲೋ, ಹರಕೆಯ ಮೇಲೋ, ಹೇಳಿಕೆ ಕೇಳೋದರ ಮೇಲೋ, ಹುಟ್ಟಿದ ಧರ್ಮದ ಮೇಲೋ ಇದ್ದ ನಂಬಿಕೆ ಹೋಗೇತಿ. ಯಾಕೆ ಹೋಯಿತು ಅಂತ ಅವರು ಕೇಳೋದಿಲ್ಲ, ಅದು ಅವರಿಗೆ ಗೊತ್ತು. ಅವರು ಕೇಳೋದು ಇಷ್ಟೇ: ಬಿಟ್ಟೆ, ಈಗೇನು? ಮೊದಲು ಪರೀಕ್ಷೆಗೆ ಹೋಗೋವಾಗ ಕೈ ಮುಗಿದು ಹೋಗ್ತಿದ್ದೆ, ಧೈರ್ಯ ಬರ್ತಿತ್ತು. ಈಗ ಕೈ ಮುಗಿಯೋಕೆ ಮನಸ್ಸು ಬರೋದಿಲ್ಲ, ಧೈರ್ಯಾನೂ ಬರೋದಿಲ್ಲ.

ದೇವರು ಇದ್ದಾನೋ ಇಲ್ಲವೋ ಅನ್ನೋ ವಾದ ಇವತ್ತು ಬ್ಯಾಡ. ಆ ವಾದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಮರುದಿನದ ಬಗ್ಗೆ ಮಾತಾಡೋಣ. ಒಂದು ನಂಬಿಕೆಯಿಂದ ಹೊರಗೆ ಬಂದ ಮನುಷ್ಯ ಮರುದಿನ ಬೆಳಗ್ಗೆ ಎದ್ದು ಏನು ಮಾಡ್ತಾನೆ, ಯಾರ ಜೊತೆ ಮಾಡ್ತಾನೆ, ಏತಕ್ಕೆ ಮಾಡ್ತಾನೆ?

ಮೊದಲು ಒಂದು ದೂರದ ಉದಾಹರಣೆ. ಅಮೆರಿಕದಲ್ಲಿ ಮಾರ್ಮನ್ ಅನ್ನೋ ಪಂಥ ಐತಿ. 1830ರಲ್ಲಿ ಜೋಸೆಫ್ ಸ್ಮಿತ್ ಅನ್ನುವವರು ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ್ದು. ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಅವರ ಕೇಂದ್ರ. ಬೆಂಗಳೂರಿನಲ್ಲಿ ತಮ್ಮ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದರು, ಹಂಗಾಗಿ ನಮಗೂ ಪೂರ್ತಿ ದೂರದವರಲ್ಲ. ಅಲ್ಲಿ ಹುಟ್ಟಿದ ಹುಡುಗನ ಬದುಕು ಬಹಳ ಮಟ್ಟಿಗೆ ಮೊದಲೇ ಗೆರೆ ಎಳೆದಿಟ್ಟಂಗಿರ್ತದ. ದುಡಿಮೆಯ ನೂರಕ್ಕೆ ಹತ್ತು ಚರ್ಚಿಗೆ. ಹರೆಯಕ್ಕೆ ಬಂದ ಹುಡುಗ ಎರಡು ವರ್ಷ ಮನೆ ಬಿಟ್ಟು ಧರ್ಮಪ್ರಚಾರಕ್ಕೆ. ಸೆರೆ ಇಲ್ಲ, ಸಿಗರೇಟಿಲ್ಲ. ಅಷ್ಟೇ ಅಲ್ಲ, ಚಾ ಇಲ್ಲ, ಕಾಫಿನೂ ಇಲ್ಲ. ಅದನ್ನು ಬಿಟ್ಟು ಬಂದವರಲ್ಲಿ ಕೆಲವರಿಗೆ ಬದುಕಿನ ಮೊದಲ ಕಪ್ ಕಾಫಿ ಅಂದ್ರೆ ದೊಡ್ಡ ಘಟನೆ. ದಿನಕ್ಕೆ ಐದು ಸಲ ಚಾ ಕುಡಿಯೋ ನಮಗೆ ನಗು ಬರಬಹುದು. ಆದರೆ ಯೋಚನೆ ಮಾಡ್ರಿ: ಒಂದು ಧರ್ಮ ನಿಮ್ಮ ಬೆಳಗಿನ ಚಾದೊಳಗೂ, ಪಗಾರದೊಳಗೂ, ಹತ್ತೊಂಬತ್ತನೇ ವಯಸ್ಸಿನೊಳಗೂ ಕೂತಿದ್ರೆ, ಅದನ್ನು ಬಿಟ್ಟಾಗ ಹೋಗೋದು ಬರೀ ಪ್ರಾರ್ಥನೆ ಅಲ್ಲ. ದಿನಚರಿ ಹೋಗ್ತದ, ಗೆಳೆಯರು ಹೋಗ್ತಾರೆ, ಎಷ್ಟೋ ಸಲ ಮನೆಯವರ ಮಾತುಕತೆನೂ ನಿಲ್ತದ.

ಇರಲಿ. ದೂರ ಯಾಕೆ ಹೋಗಬೇಕು? ನಮ್ಮ ಘಟಪ್ರಭಾಕ್ಕೆ ಬರ್ರಿ. ಇದಕ್ಕಿಂತ ಕಠಿಣವಾದ ಬಿಡುಗಡೆ ನಮ್ಮ ಊರುಗಳ ಹೆಣ್ಣುಮಕ್ಕಳು ಕಂಡಿದ್ದಾರೆ. ದೇವದಾಸಿ ಪದ್ಧತಿಯಿಂದ ಹೊರಗೆ ಬಂದವರ ಬಗ್ಗೆ ಹೇಳ್ತಾ ಇದೀನಿ.

ನಿಮ್ಮಲ್ಲಿ ಚಿಕ್ಕ ವಯಸ್ಸಿನವರಿಗೆ ಇದು ಹಳೇ ಕಾಲದ ಕಥೆ ಅನ್ನಿಸಬಹುದು. ನಿಮ್ಮ ಅಜ್ಜಿ ವಯಸ್ಸಿನವರನ್ನು ಕೇಳ್ರಿ, ಓಣಿ ಹೆಸರು ಹೇಳಿ ತೋರಿಸ್ತಾರೆ. ಮುತ್ತು ಕಟ್ಟೋದು ಅಂತಿದ್ರು. ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಕಟ್ಟಿದರೆ ಆ ಹುಡುಗಿ ಯಲ್ಲಮ್ಮನ ಪಾಲಾದಳು ಅಂತ ಅರ್ಥ. ಮನೆಯಲ್ಲಿ ಗಂಡು ಸಂತಾನ ಇಲ್ಲ ಅಂತ ಕಟ್ಟಿದರು, ಯಾರಿಗೋ ಕಾಯಿಲೆ ಬಂತು ಅಂತ ಕಟ್ಟಿದರು, ಹುಡುಗಿ ತಲೆಯಲ್ಲಿ ಜಡೆ ಬಂತು, ಅಂದ್ರೆ ಕೂದಲು ಗಂಟುಗಟ್ಟಿತು, ಅದು ಅಮ್ಮನ ಕರೆ ಅಂತ ಕಟ್ಟಿದರು. ಕಟ್ಟಿಸಿಕೊಂಡವರು ಬಹುತೇಕ ದಲಿತ ಮನೆಗಳ ಹುಡುಗಿಯರು. ಬೆಳೆದ ಮೇಲೆ ಆಕೆಗೆ ಮದುವೆ ಇಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ದೇವಿಯ ಹೆಸರಿನಲ್ಲಿ ಆಕೆಯ ದೇಹ ಬೇರೆಯವರ ಪಾಲು.

ಈ ನಂಬಿಕೆ ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಅನ್ನೋದಕ್ಕೆ ಪಂಚಾಂಗವನ್ನೇ ನೋಡ್ರಿ. ಸವದತ್ತಿ ಗುಡ್ಡಕ್ಕೆ ಹೋದವರಿಗೆ ಗೊತ್ತು. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತ, ಯಲ್ಲಮ್ಮ ವಿಧವೆಯಾದಳು ಅಂತ ನಂಬಿಕೆ. ದೇವಿಯ ಜೊತೆ ಈ ಹೆಣ್ಣುಮಕ್ಕಳೂ ಬಳೆ ಒಡೆದುಕೊಳ್ತಿದ್ದರು. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ, ಇವರೂ ಮತ್ತೆ ಹಸಿರು ಬಳೆ ತೊಡ್ತಿದ್ದರು. ಅಂದ್ರೆ ಯಾವಾಗ ಅಳಬೇಕು, ಯಾವಾಗ ನಗಬೇಕು ಅನ್ನೋದನ್ನೂ ನಂಬಿಕೆಯೇ ಹೇಳಿಕೊಡ್ತಿತ್ತು. ವಾರಕ್ಕೆರಡು ದಿನ, ಮಂಗಳವಾರ ಶುಕ್ರವಾರ, ಪಡ್ಡಲಗಿ ಹಿಡಿದು ಐದು ಮನೆ ಜೋಗ ಬೇಡಬೇಕು. ಬದುಕು ಕೆಟ್ಟದ್ದಿತ್ತು, ಖರೆ. ಆದರೆ ಆ ಬದುಕಿಗೆ ಒಂದು ವೇಳಾಪಟ್ಟಿ ಇತ್ತು, ಒಂದು ಹಾಡಿತ್ತು, ತಾನು ಯಾರು ಅನ್ನೋದಕ್ಕೆ ಒಂದು ಉತ್ತರ ಇತ್ತು.

ಕಾನೂನು ಬಂದಿದ್ದು ಇವತ್ತಲ್ಲ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಆಮೇಲೆ ಕರ್ನಾಟಕದ 1982ರ ಕಾಯ್ದೆ. ಮುತ್ತು ಕಟ್ಟೋದು ಅಪರಾಧ ಅಂತಾಯ್ತು, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ಮದುವೆಯಾದರೆ ಅದು ಕಾನೂನುಬದ್ಧ ಮದುವೆ ಅಂತಾಯ್ತು. ಕಾಗದದ ಮೇಲೆ ಎಲ್ಲಾ ಮುಗಿದಂಗೆ ಕಾಣ್ತದ. ಆದರೆ ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ಜನ ಸಿಕ್ಕರು. 2007-08ರ ಎರಡನೇ ಸಮೀಕ್ಷೆಯಲ್ಲಿ ಮತ್ತೆ 23,787 ಜನ. ಎರಡೂ ಸೇರಿ 46,660. ನಾನು ಓದಿದ್ದು ಬಿ.ಕಾಂ, ಅಂಕಿ ನೋಡಿದ ಕೂಡಲೇ ಕೂಡಿಸೋ ಚಟ. ಆದರೆ ಈ ಮೊತ್ತದೊಳಗೆ ಒಬ್ಬೊಬ್ಬರದೂ ಒಂದೊಂದು ಕೊರಳು ಅನ್ನೋದನ್ನು ಮರೀಬಾರದು. ಕಾಯ್ದೆ ಬಂದ ಮಾತ್ರಕ್ಕೆ ಯಾಕೆ ಬಿಡಲಿಲ್ಲ? ಬಿಟ್ಟು ಎಲ್ಲಿಗೆ ಹೋಗಬೇಕು ಅನ್ನೋದನ್ನು ಕಾಯ್ದೆ ಹೇಳಲಿಲ್ಲ.

ಇಲ್ಲಿ ಸೀತವ್ವ ಜೋಡಟ್ಟಿ ಅವರ ಹೆಸರು ಬರ್ತದ. ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಗಂಡುಮಕ್ಕಳಿಲ್ಲದ ಮನೆ. ಏಳನೇ ವಯಸ್ಸಿಗೆ ಅವರನ್ನು ದೇವಿಗೆ ಬಿಟ್ಟರು. ಎರಡನೇ ಮೂರನೇ ಕ್ಲಾಸಿನ ಹುಡುಗಿ, ನಂಬಿಕೆ ಬೇಕೋ ಬೇಡವೋ ಅಂತ ಯಾರೂ ಕೇಳಿರಲಿಕ್ಕಿಲ್ಲ. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಸೇರಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿ ಕೆಲಸ ಶುರು ಮಾಡಿದವು. ಸೀತವ್ವ ಅದರೊಳಗೆ ಬಂದರು. 1997ರಲ್ಲಿ ಈ ಹೆಣ್ಣುಮಕ್ಕಳದ್ದೇ ಒಂದು ಸಂಸ್ಥೆ ಆಯ್ತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನ ಚಿಕ್ಕದಾಗಿ ಮಾಸ್ ಅಂತಾರೆ. ಘಟಪ್ರಭಾವನ್ನು ಕೇಂದ್ರ ಮಾಡಿಕೊಂಡು ಬೆಳೆದ ಸಂಸ್ಥೆ. ಮುಂದೆ ಸೀತವ್ವನವರೇ ಅದರ ಮುಖ್ಯಸ್ಥರಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪದ್ಮಶ್ರೀ ಸುದ್ದಿ ನೀವು ನೋಡಿರಬಹುದು. ನಾನು ಹೇಳಬೇಕು ಅಂದುಕೊಂಡಿದ್ದು ಅದರ ಹಿಂದಿನ ಕೆಲಸದ ಕ್ರಮ. ಆ ಕ್ರಮದಲ್ಲೇ ನಮ್ಮ ಪ್ರಶ್ನೆಗೆ ಉತ್ತರ ಐತಿ.

ಮೊದಲು ಬಂದಿದ್ದು ಸಂಘ ಮತ್ತು ಉಳಿತಾಯ. ದೇವರು ಸುಳ್ಳು ಅಂತ ಭಾಷಣ ಮಾಡಿ ಹೆಣ್ಣುಮಕ್ಕಳನ್ನು ಹೊರಗೆ ತರಲಿಲ್ಲ. ಹತ್ತು ಹದಿನೈದು ಜನ ಒಂದು ಕಡೆ ಕೂಡೋದು, ಸಣ್ಣ ಸಣ್ಣ ರೊಕ್ಕ ಉಳಿಸೋದು, ಸಾಲ ಎತ್ತಿ ಎಮ್ಮೆಯೋ ಆಡೋ ಹೊಲಿಗೆ ಮಷೀನೋ ತಗೊಳ್ಳೋದು. ಯಾಕಂದ್ರೆ ಜೋಗ ಬೇಡೋದು ಬಿಟ್ಟರೆ ಮಂಗಳವಾರದ ಜ್ವಾಳ ಎಲ್ಲಿಂದ ಬರಬೇಕು? ಹೊಟ್ಟೆಯ ಪ್ರಶ್ನೆ ಇತ್ಯರ್ಥ ಆಗದೇ ಮನಸ್ಸಿನ ಪ್ರಶ್ನೆಗೆ ಕೂರೋಕೆ ಪುರುಸೊತ್ತು ಸಿಗೋದಿಲ್ಲ.

ಎರಡನೆಯದು ಭಯ. ಜಡೆ ಕತ್ತರಿಸಿದರೆ ಅಮ್ಮ ಮುನಿತಾಳೆ, ರಕ್ತ ಕಾರಿ ಸಾಯ್ತೀವಿ ಅನ್ನೋ ಭಯ ಖರೆ ಭಯ. ಅದು ವಾದದಿಂದ ಹೋಗೋದಿಲ್ಲ. ಪಕ್ಕದವಳು ಕತ್ತರಿಸಿಕೊಂಡು ಮರುವಾರ ನಗುನಗುತ್ತಾ ಸಂಘಕ್ಕೆ ಬಂದಾಗ ಹೋಗ್ತದ. ಇದನ್ನು ನೆನಪಿಡ್ರಿ. ನಂಬಿಕೆಯನ್ನು ಮನುಷ್ಯ ಒಬ್ಬನೇ ಕೂತು ಕಳ್ಕೋಬಹುದು, ಆದರೆ ಭಯ ಕಳ್ಕೊಳ್ಳೋಕೆ ಇನ್ನೊಬ್ಬರು ಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸ್ತದ. ಹೊರಗೆ ಬಂದವರು ವಾಪಸ್ ಗುಡ್ಡಕ್ಕೆ ಹೋದರು. ಹರಕೆ ತೀರಿಸೋಕೆ ಅಲ್ಲ. ಸವದತ್ತಿ, ಚಿಂಚಲಿ ಜಾತ್ರೆಗಳಲ್ಲಿ ನಿಂತು ಇನ್ನೊಂದು ಹುಡುಗಿಗೆ ಮುತ್ತು ಕಟ್ಟದಂಗೆ ತಡೆಯೋಕೆ, ತಂದೆತಾಯಿಗೆ ತಿಳಿಹೇಳೋಕೆ. ಏಳು ವರ್ಷದ ಮಗುವಾಗಿ ತಾವು ದಾಟಿದ ದಾರಿಯಲ್ಲಿ ಮತ್ತೊಂದು ಮಗು ಬರೋದು ಕಂಡರೆ ಕೈ ಹಿಡಿದು ಈಚೆ ಎಳೆಯೋದು. ತಮಗೆ ಆದ ಅನ್ಯಾಯ ಅಳಿಸೋಕೆ ಆಗೋದಿಲ್ಲ. ಆದರೆ ಆ ಅನುಭವ ಈಗ ಒಂದು ಕೆಲಸಕ್ಕೆ ಬಂತು. ಬದುಕಿಗೆ ಅರ್ಥ ಅಂತ ನಾವು ಇಷ್ಟು ದೊಡ್ಡ ಶಬ್ದ ಹಾಕ್ತೀವಲ್ಲ, ಅದು ಅವರಿಗೆ ಸಿಕ್ಕಿದ್ದು ಇಲ್ಲಿ ಅಂತ ನಾನು ತಿಳ್ಕೊಂಡೇನಿ.

ಇಷ್ಟು ಹೇಳಿ ಮುಗಿಸಿದರೆ ಕಥೆ ಬಹಳ ಚಂದ ಆಗ್ತದ. ಆದರೆ ಪೂರ್ತಿ ಆಗೋದಿಲ್ಲ.

ಲೂಸಿಂಡಾ ರ್ಯಾಂಬರ್ಗ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ನಮ್ಮ ಉತ್ತರ ಕರ್ನಾಟಕದ ಜೋಗತಿಯರ ನಡುವೆ ಇದ್ದು ಅಧ್ಯಯನ ಮಾಡಿ 2014ರಲ್ಲಿ ಒಂದು ಪುಸ್ತಕ ತಂದರು. ಅವರು ಎತ್ತಿದ ಪ್ರಶ್ನೆ ಇರುಸುಮುರುಸು ಮಾಡುವಂಥದ್ದು. ಸುಧಾರಣೆ ಬಂದಾಗ ಈ ಹೆಣ್ಣುಮಕ್ಕಳು ಕಳ್ಕೊಂಡದ್ದೂ ಐತಿ. ಊರ ಜನ ದೇವಿಯ ಕೆಲಸಕ್ಕೆ ಕರೀತಿದ್ದರು, ಹಬ್ಬಕ್ಕೆ ಅವರೇ ಬೇಕಿತ್ತು. ಮನೆಯಲ್ಲಿ ಮಗನ ಸ್ಥಾನ ಇತ್ತು, ಆಸ್ತಿಯಲ್ಲಿ ಪಾಲಿನ ಮಾತಿತ್ತು. ಜಡೆ ಹೋಯಿತು, ಅದರ ಜೊತೆ ಆ ಸ್ಥಾನನೂ ಹೋಯಿತು. ಆ ಪದ್ಧತಿ ಉಳೀಬೇಕಿತ್ತು ಅಂತ ಇದರ ಅರ್ಥ ಅಲ್ಲ. ಏಳು ವರ್ಷದ ಮಗುವನ್ನು ಕೊಡೋದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಬಿಡೋ ಮುಂದ ಏನೇನು ಕೈ ತಪ್ಪತೈತಿ ಅನ್ನೋದನ್ನು ಒಪ್ಪಿಕೊಳ್ಳದಿದ್ರೆ, ಹೊರಗೆ ಬಂದವರ ದುಃಖ ನಮಗೆ ತಿಳಿಯೋದೇ ಇಲ್ಲ. ಕೆಟ್ಟದ್ದನ್ನೇ ಬಿಟ್ಟೆಯಲ್ಲಾ, ಅಳೋದ್ಯಾಕೆ ಅಂತ ಕೇಳ್ತೀವಿ. ಹಂಗ ಕೇಳಬಾರದು.

ಮಕ್ಕಳ ಮಾತು ಬ್ಯಾರೆ. ತಾಯಿ ಬಿಟ್ಟು ಬಂದರೂ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಅನ್ನೋ ಜಾಗ ಮಗುವನ್ನು ಬಿಡಲಿಲ್ಲ. ಆ ಖಾಲಿ ಗೆರೆ ನೋಡಿ ಎಷ್ಟು ಮಕ್ಕಳು ತಲೆ ತಗ್ಗಿಸಿ ನಿಂತಿರಬೇಕು. 2025ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ ಈ ಮಕ್ಕಳು ತಂದೆಯ ಹೆಸರು ಬರೆಯಲೇಬೇಕು ಅನ್ನೋ ಒತ್ತಾಯ ತೆಗೆಯೋ ಮಾತು ಬಂತು. 1934ರಿಂದ ಲೆಕ್ಕ ಹಾಕಿದರೆ 91 ವರ್ಷ. ತಾಯಿ ಒಂದು ದಿನದಲ್ಲಿ ಮುತ್ತು ಬಿಚ್ಚಬಹುದು, ಊರು ಅದನ್ನು ಬಿಚ್ಚೋಕೆ ತಲೆಮಾರು ತಗೊಳ್ತದ.

ಬಿಡೋದಕ್ಕೂ ಹೊಸದನ್ನು ಹಿಡಿಯೋದಕ್ಕೂ ನಡುವೆ ಎಷ್ಟು ಸಮಯ ಬೇಕು? ಇದಕ್ಕೆ ಬಾಬಾಸಾಹೇಬ ಅಂಬೇಡ್ಕರರನ್ನು ನೆನೀಬೇಕು. ನಮ್ಮ ಜಿಲ್ಲೆಗೂ ಅವರಿಗೂ ನಂಟೈತಿ, 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದರು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ತಾವು ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಣೆ ಮಾಡಿದರು. ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕಾರ ಮಾಡಿದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅಷ್ಟು ಓದಿದ ಮನುಷ್ಯ, ಅಷ್ಟು ಕಾಲ ಹುಡುಕಿದರು. ಮತ್ತೆ ಒಬ್ಬರೇ ದಾಟಲಿಲ್ಲ, ಲಕ್ಷಾಂತರ ಜನರ ಜೊತೆ ದಾಟಿದರು. ಬರೀ ಬಿಡ್ರಿ ಅನ್ನಲಿಲ್ಲ, ಏನು ಮಾಡಬೇಕು ಏನು ಮಾಡಬಾರದು ಅಂತ 22 ಪ್ರತಿಜ್ಞೆ ಕೊಟ್ಟರು. ಬಿಟ್ಟು ಆರು ತಿಂಗಳಾಯ್ತು, ಇನ್ನೂ ದಾರಿ ಕಾಣವಲ್ದು ಅಂತ ಕಂಗಾಲಾದ ಗೆಳೆಯರೇ, ಈ 21 ವರ್ಷ ನೆನಪಿಡ್ರಿ.

ಅವರು ತೀರಿಕೊಂಡ ಡಿಸೆಂಬರ್ 6ರಂದು ನಮ್ಮ ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಏನು ನಡೀತದ ಗೊತ್ತಲ್ಲ? ಗೋಕಾಕದವರೇ ಆದ ಸತೀಶ ಜಾರಕಿಹೊಳಿ ಅವರ ಮಾನವ ಬಂಧುತ್ವ ವೇದಿಕೆಯವರು ಹಲವು ವರ್ಷಗಳಿಂದ ಅಲ್ಲಿ ಮೂಢನಂಬಿಕೆ ವಿರುದ್ಧ ಕಾರ್ಯಕ್ರಮ ಮಾಡ್ತಾರೆ. ಭಾಷಣ, ಹಾಡು, ಊಟ, ರಾತ್ರಿ ಅಲ್ಲೇ ವಾಸ್ತವ್ಯ. ರಾಜಕೀಯ ಪಕ್ಕಕ್ಕಿಡ್ರಿ, ಅವರ ಪಕ್ಷ ನಿಮಗೆ ಸೇರಬಹುದು, ಸೇರದೇ ಇರಬಹುದು. ನಾನು ನೋಡೋದು ಬೇರೆ ವಿಷಯ. ದೆವ್ವ ಇಲ್ಲ ಅಂತ ಒಂದು ಪೋಸ್ಟ್ ಹಾಕಿ ಮಲಗಬಹುದಿತ್ತು. ಆದರೆ ಅವರು ಒಂದು ತಾರೀಖು ಇಟ್ಟುಕೊಂಡರು, ಒಂದು ಜಾಗ ಇಟ್ಟುಕೊಂಡರು, ಜನರನ್ನು ಕರೆದು ಅನ್ನ ಹಾಕಿದರು. ಅಂದ್ರೆ ಹಳೇ ಹಬ್ಬ ಬಿಟ್ಟವರಿಗೂ ವರ್ಷಕ್ಕೊಂದು ದಿನ ಬೇಕು ಅಂತಾಯ್ತು.

ಈಗ ನಮ್ಮ ನಿಮ್ಮ ಮಾತಿಗೆ ಬರೋಣ. ಒಂದು ವ್ಯತ್ಯಾಸ ಮೊದಲೇ ಹೇಳಿಬಿಡ್ತೀನಿ. ಕಾಲೇಜು ಓದಿ, ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ನಂಬಿಕೆ ಬಿಟ್ಟ ನಮ್ಮ ಕಷ್ಟವೂ ಮುತ್ತು ಬಿಚ್ಚಿದ ಹೆಣ್ಣುಮಗಳ ಕಷ್ಟವೂ ಒಂದೇ ತಕ್ಕಡಿಗೆ ಬರೋದಿಲ್ಲ. ಆಕೆ ಕಳ್ಕೊಂಡದ್ದರಲ್ಲಿ ನೂರನೇ ಪಾಲೂ ನಾವು ಕಳ್ಕೊಂಡಿಲ್ಲ. ಆದರೆ ಆಕೆಯಿಂದ ಕಲೀಬಹುದು.

ಏನು ಕಲೀಬಹುದು ಅಂದ್ರೆ, ಒಬ್ಬಂಟಿಯಾಗಿ ರಾತ್ರಿ ಹನ್ನೆರಡಕ್ಕೆ ಕಣ್ಣು ಬಿಟ್ಟುಕೊಂಡು ಬದುಕಿನ ಅರ್ಥ ಏನು ಅಂತ ಕೇಳ್ಕೊಂಡರೆ ಉತ್ತರ ಬರೋದಿಲ್ಲ. ಆ ಹೆಣ್ಣುಮಕ್ಕಳು ಮೊದಲು ಅರ್ಥ ಹುಡುಕಿ ಆಮೇಲೆ ಕೆಲಸಕ್ಕೆ ಇಳೀಲಿಲ್ಲ. ಮೊದಲು ವಾರಕ್ಕೊಮ್ಮೆ ಕೂಡಿದರು, ಕೈಗೆ ಕೆಲಸ ಹಿಡಿದರು, ಇನ್ನೊಬ್ಬರ ಕಷ್ಟಕ್ಕೆ ನಿಂತರು. ಅರ್ಥ ಹಿಂದಿಂದ ನಡಕೊಂಡು ಬಂತು. ನಿಮ್ಮ ಊರಲ್ಲೂ ಹಂಗೆ ಕೂಡೋ ಜಾಗ ಇರಬಹುದು: ಗ್ರಂಥಾಲಯ, ರಕ್ತದಾನದ ಗುಂಪು, ಸಂಜೆ ಮಕ್ಕಳಿಗೆ ಪಾಠ ಹೇಳೋ ಕಟ್ಟೆ, ಹಲಗೆ ಮೇಳ, ಕಬಡ್ಡಿ ತಂಡ. ದೊಡ್ಡದೇ ಆಗಬೇಕು ಅಂತಿಲ್ಲ. ಆದರೆ ಒಂದು ವಾರ ನೀವು ಹೋಗದಿದ್ರೆ ಯಾಕ ಬರಲಿಲ್ಲ ಅಂತ ಯಾರಾದರೂ ಫೋನ್ ಮಾಡೋ ಜಾಗ ಆಗಿರಬೇಕು.

ಮತ್ತೆ, ಎಲ್ಲಾನೂ ಬಿಸಾಕಬೇಕು ಅಂತಿಲ್ಲ. ಚೌಡಿಕೆ ಪದ ಕೇಳಿದರೆ ಮೈ ಝುಂ ಅಂತದ ಅಂದ್ರೆ ಕೇಳ್ರಿ. ಜಾತ್ರೆಗೆ ಹೋಗಿ ಗೆಳೆಯರ ಜೊತೆ ಬೆಂಡು ಬೆತ್ತಾಸ ತಿನ್ರಿ. ಅವ್ವ ಮಾಡಿದ ಹೋಳಿಗೆಗೆ ನಂಬಿಕೆಯ ಪರೀಕ್ಷೆ ಬ್ಯಾಡ. ಹಾಡು, ಊಟ, ಕೂಡಿ ನಗೋದು, ಇವು ಯಾವ ದೇವರ ಖಾಸಗಿ ಆಸ್ತಿನೂ ಅಲ್ಲ. ಬಿಡಬೇಕಾದದ್ದು ಯಾವುದು? ನಿಮ್ಮನ್ನೋ ಇನ್ನೊಬ್ಬರನ್ನೋ ಸಣ್ಣ ಮಾಡೋದು, ಹೆದರಿಸೋದು, ಮಾರೋದು. ಅದನ್ನು ಬಿಡ್ರಿ, ಗಟ್ಟಿಯಾಗಿ ಬಿಡ್ರಿ.

ಮನೆಯವರ ವಿಷಯ. ಇನ್ನೂ ನಂಬಿರೋ ಅಜ್ಜಿಯನ್ನು ದಡ್ಡಿ ಅನ್ನೋದರಿಂದ ನಿಮ್ಮ ಬದುಕಿಗೆ ಯಾವ ಅರ್ಥನೂ ಬರೋದಿಲ್ಲ. ಬಿಟ್ಟ ಹೊಸತರಲ್ಲಿ ವಾದದ ಹುಮ್ಮಸ್ಸು ಇರ್ತದ, ಅದು ಸಹಜ. ಆದರೆ ಜಾತ್ರೆಯಲ್ಲಿ ನಿಂತು ತಿಳಿಹೇಳಿದ ಆ ಹೆಣ್ಣುಮಕ್ಕಳಿಗೆ ಎದುರಿನ ತಾಯಿಯ ಭಯ ಚೆನ್ನಾಗಿ ಗೊತ್ತಿತ್ತು, ತಮ್ಮ ಮನೆಯಲ್ಲೇ ಆ ಭಯ ನೋಡಿ ಬೆಳೆದವರು. ಎದುರಿನವರ ಭಯ ಅರ್ಥ ಆದವರ ಮಾತು ಕೇಳೋಕೆ ಜನ ನಿಲ್ತಾರೆ. ಅಜ್ಜಿ ಜೊತೆ ಗುಡ್ಡಕ್ಕೆ ಹೋಗಿ ಆಕೆಯ ಚೀಲ ಹಿಡಿದು ಮೆಟ್ಟಿಲು ಹತ್ತಿದರೆ ನಿಮ್ಮ ವಿಚಾರ ಕರಗಿ ಹೋಗೋದಿಲ್ಲ. ಆದರೆ ಅದೇ ಗುಡ್ಡದಲ್ಲಿ ಒಂದು ಮಗುವಿನ ಕೊರಳಿಗೆ ಮಣಿ ಸರ ಕಂಡರೆ ಸುಮ್ಮನೆ ಬರಬ್ಯಾಡ್ರಿ. ಮಕ್ಕಳ ಸಹಾಯವಾಣಿ 1098. ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ರಿ.

ಒಂದು ಮಾತು ಇನ್ನೂ. ಈ ಖಾಲಿತನ ಹೆಚ್ಚಾಗಿ ನಿದ್ದೆ ಬಾರದಂಗೆ, ಊಟ ಸೇರದಂಗೆ, ಬದುಕೇ ಬ್ಯಾಡ ಅನ್ನಿಸುವಂಗೆ ಆದರೆ ಅದಕ್ಕೆ ಪಾಡ್‌ಕಾಸ್ಟ್ ಸಾಲೋದಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಐತಿ, 14416. ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ತೆರೆದಿರ್ತದ. ನಾಚಿಕೊಳ್ಳಬ್ಯಾಡ್ರಿ.

ನಿಮ್ಮ ಊರಲ್ಲಿ ನಂಬಿಕೆ ಇರಲಿ ಬಿಡಲಿ, ಎಲ್ಲರೂ ಕೂಡಿ ಕೂರೋ ಒಂದು ಜಾಗ ಯಾವುದೈತಿ? ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸ್ರಿ. ಹೆಸರು ಹೇಳಬೇಕಂತಿಲ್ಲ, ಊರು ಹೇಳಿದರೆ ಸಾಕು. ಮುಂದಿನ ಕಂತಿನಲ್ಲಿ ಅವನ್ನೇ ಕೇಳಿಸೋಣ, ಆ ಜಾಗ ಹುಡುಕ್ತಾ ಇರೋರಿಗೆ ದಾರಿ ಸಿಗಲಿ.